ಊರಿನ ಎಲ್ಲೆ, ಹೊಲದ ಬೆಲೆ

ಒಂಟಿಕೊಪ್ಪಲು ಎಂದೊಡನೆ ನಾಡಿನ ಎಷ್ಟೋ ಮನೆಗಳವರಿಗೆ ನೆನಪಾಗುವುದು ಗೋಡೆಯ ಮೊಳೆಗೆ ತೂಗುಹಾಕಿದ ಪಂಚಾಂಗ. ಮೈಸೂರಿನವರಿಗಾದರೋ ಅದು ವಾಣಿವಿಲಾಸ ಮೊಹಲ್ಲಾದ ಇನ್ನೊಂದು ಹೆಸರು. ಮಾತೃಮಂಡಳಿ, ಚೆಲುವಾಂಬ ಪಾರ್ಕು, ಕಾಳಿದಾಸ ರಸ್ತೆಗಳ ನೆರೆಹೊರೆ. ಆದರೆ ಹೆಸರೇ ಹೇಳುವಂತೆ ಇದು ಮೂಲತಃ ಒಂದು ಕೊಪ್ಪಲು, ಎಂದರೆ ಹೊಲಗದ್ದೆಗಳ ನಡುವಣ ಒಂದು ಪುಟ್ಟ ಹಳ್ಳಿ. ಕನ್ನೇಗೌಡನ ಕೊಪ್ಪಲು, ಮಂಚೇಗೌಡನ ಕೊಪ್ಪಲು, ಕುಂಬಾರಕೊಪ್ಪಲು, ಪಡುವಾರಹಳ್ಳಿ, ಹಿನಕಲ್, ಬೋಗಾದಿ, ಮೇಟಗಳ್ಳಿ, ಕ್ಯಾತಮಾರನಹಳ್ಳಿ ಎಲ್ಲವೂ ಹೀಗೆಯೇ. ಇಂದು ಇವು ಬಸ್ಸಿನ ನಿಲ್ದಾಣಗಳ ಹೆಸರುಗಳು. ಒಂದು ಕಾಲಕ್ಕೆ ಪ್ರತಿಯೊಂದಕ್ಕೂ ಅದರದೇ ಎಲ್ಲೆಕಲ್ಲು, ಅದರದೇ ಕೆರೆ, ಎಲ್ಲೆಯ ಬಳಿ ಕಾವಲಿಗೆ ಕುಳಿತ ಅದರದೇ ಮಾರಮ್ಮ ಇದ್ದಳು.

ಈ ವಿಷಯವನ್ನು ಬರೆಯಬೇಕೆನಿಸಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪ್ರಶ್ನೆಯಿಂದ. ರಿಂಗ್ ರೋಡಿನ ಆಚೆಗೆ ಅವನ ಮನೆತನಕ್ಕೆ ಎರಡು ಎಕರೆ ಹೊಲವಿದೆ. ತಂಗಿಯ ಮದುವೆಗೆ ಸ್ವಲ್ಪ ಭಾಗ ಮಾರೋಣವೆಂದರೆ ಬಂದವರೆಲ್ಲ ಪಹಣಿ ನೋಡುವ ಮೊದಲೇ ನಕ್ಷೆಯನ್ನು ಕೇಳುತ್ತಾರಂತೆ. “ಸಾರ್, ರಸ್ತೆ ಈ ಕಡೆಯ ಹೊಲ ಹಳದಿಯಂತೆ, ನಮ್ಮದು ಹಸಿರಂತೆ. ಮಣ್ಣು ಒಂದೇ, ನೀರು ಒಂದೇ. ಬೆಲೆ ಮಾತ್ರ ಹೀಗೆ ಯಾಕೆ? ಬಣ್ಣ ಬಳಿದೋರು ಯಾರು?” ಎಂದು ಕೇಳಿದ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸಮಾಜವಿಜ್ಞಾನ ಕಲಿಸಿದವನಿಗೆ ಈ ಪ್ರಶ್ನೆಗೆ ಎರಡು ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನಂತಹವರು ನನ್ನ ತರಗತಿಗಳಲ್ಲಿ ಅನೇಕರಿದ್ದರು. ಅಂತಹ ಹೊಲಗಳ ಮೇಲೆ ಎದ್ದ ಬಡಾವಣೆಗಳ ಮಕ್ಕಳೂ ಅದೇ ಬೆಂಚುಗಳಲ್ಲಿ ಕುಳಿತಿದ್ದರು.

ನಗರಕ್ಕೊಂದು ಎಲ್ಲೆ ಬೇಕೆಂಬ ಆಲೋಚನೆ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ನಾಲ್ಕು ದಿಕ್ಕಿನ ಗೋಪುರಗಳನ್ನು ತೋರಿಸಿ, ಊರು ಇದಕ್ಕಿಂತ ಆಚೆ ಬೆಳೆಯಬಾರದೆಂದು ಕೆಂಪೇಗೌಡರ ಕಾಲದಲ್ಲಿ ಎತ್ತಿಸಿದ್ದೆಂದು ಹಿರಿಯರು ಹೇಳುತ್ತಿದ್ದರು. ಅದು ಐತಿಹ್ಯ, ಇತಿಹಾಸವೆಂದು ನಾನು ಮಕ್ಕಳಿಗೆ ಬರೆಯಿಸಲಿಲ್ಲ. ಆದರೆ ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರದ ಬಳಿ ನಿಂತು ಸುತ್ತಲೂ ನೋಡಿದವರಿಗೆ ಊರುಗಳು ಎಲ್ಲೆಯ ಮಾತನ್ನು ಎಷ್ಟರಮಟ್ಟಿಗೆ ಕೇಳುತ್ತವೆಂಬುದು ಬೇರೆ ಹೇಳಬೇಕಾಗಿಲ್ಲ.

ಮೈಸೂರಿನ ಎಲ್ಲೆಯನ್ನು ಮೊದಲು ಒಡೆದದ್ದು ಆಸೆಯಲ್ಲ, ರೋಗ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದಿತು. ಕೋಟೆಯೊಳಗೂ ಕೋಟೆಯ ಸುತ್ತಲೂ ಒತ್ತೊತ್ತಾಗಿ ಬಾಳುತ್ತಿದ್ದ ಜನ ಮನೆಗಳಿಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಅದಕ್ಕೆ ಹಿಂದಿನ ವರ್ಷ, 1897ರಲ್ಲಿ, ಹಳೆಯ ಅರಮನೆ ಬೆಂಕಿಗೆ ಆಹುತಿಯಾಗಿತ್ತು. ಹೊಸ ಅರಮನೆ ಮುಗಿಯುವ ವೇಳೆಗೆ, ಎಂದರೆ 1912ರ ಹೊತ್ತಿಗೆ, ಅದರ ಸುತ್ತಣ ಹಳೆಯ ವಸತಿ ತೆರವಾಗುತ್ತ ಬಂದಿತ್ತು. 1901ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ ಕೇವಲ 68 ಸಾವಿರ ಚಿಲ್ಲರೆ. ಆ ಪುಟ್ಟ ಊರಿಗಾಗಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಹುಟ್ಟಿತು. ಹಳಬರ ಬಾಯಲ್ಲಿ ಅದು ‘ಟ್ರಸ್ಟ್ ಬೋರ್ಡು’. ಹೊಲಸು ಕೇರಿಗಳನ್ನು ತೆರವು ಮಾಡುವುದು, ಗಾಳಿ ಬೆಳಕಿನ ನೇರ ಬೀದಿಗಳನ್ನು ಹಾಕುವುದು, ಹೊಸ ಬಡಾವಣೆಗಳನ್ನು ರಚಿಸುವುದು ಅದರ ಕೆಲಸ. ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ, ನಮ್ಮ ವಾಣಿವಿಲಾಸ ಮೊಹಲ್ಲಾ, ಜಯಲಕ್ಷ್ಮೀಪುರಂ ಎಲ್ಲವೂ ಆ ಯುಗದ ಹೆಸರುಗಳು. 1895ರಿಂದ 1902ರವರೆಗೆ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ನಮ್ಮ ಮೊಹಲ್ಲಾಕ್ಕೆ ಬಂದಿದೆ.

ಊರು ಪಶ್ಚಿಮಕ್ಕೆ ಯಾಕೆ ಸರಿಯಿತು? ನನ್ನ ಮಟ್ಟಿಗೆ ಇದಕ್ಕೆ ರಾಜಮನೆತನದ ಮಹಲುಗಳೇ ದೊಡ್ಡ ಕಾರಣ. ಜಯಲಕ್ಷ್ಮೀವಿಲಾಸ, ಚೆಲುವಾಂಬ ಮಹಲು ಮೊದಲಾದವು ರಾಜಕುಮಾರಿಯರಿಗಾಗಿ ಊರ ಹೊರಗಿನ ಎತ್ತರದ ಬಯಲಿನಲ್ಲಿ ಎದ್ದವು. ಮಹಲಿಗೆ ರಸ್ತೆ ಬೇಕು, ರಸ್ತೆಗೆ ದೀಪ ಬೇಕು, ನಲ್ಲಿಗೆ ನೀರು ಬೇಕು. ಇವು ಬಂದಮೇಲೆ ಪಕ್ಕದ ಹೊಲ ಹೊಲವಾಗಿ ಉಳಿಯುವುದು ಕಷ್ಟ. ನೆಲದ ಬೆಲೆಯ ವಿಚಾರದಲ್ಲಿ ಇದು ಮೊದಲ ಪಾಠ: ರೈತ ನೆಲಕ್ಕೆ ಏನೂ ಮಾಡದೆಯೂ ಅದರ ಬೆಲೆ ಏರುತ್ತದೆ, ಊರು ಅದರ ಹತ್ತಿರ ಬಂದುದರಿಂದ. (ಚೆಲುವಾಂಬ ಮಹಲಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವಿದೆ. ಅದರ ವಿಶಾಲ ಆವರಣ ಅಲ್ಲಿರದಿದ್ದರೆ ಒಂಟಿಕೊಪ್ಪಲಿನವರಿಗೆ ಇಂದು ಉಸಿರಾಡಲು ಎಷ್ಟು ಮರ ಉಳಿಯುತ್ತಿದ್ದವೋ ತಿಳಿಯದು.)

ಹಾಗಾದರೆ ಕೊಪ್ಪಲಿನವರ ಪಾಡೇನಾಯಿತು? ಇಲ್ಲಿ ‘ಗ್ರಾಮಠಾಣಾ’ ಎಂಬ ಪದವನ್ನು ತಿಳಿಯಬೇಕು. ಕಂದಾಯದ ನಕ್ಷೆಯಲ್ಲಿ ಪ್ರತಿ ಹಳ್ಳಿಗೂ ಮನೆಗಳಿರುವ ಭಾಗಕ್ಕೆ ಒಂದು ಗೆರೆ; ಅದರ ಆಚೆಗೆ ಸರ್ವೆ ನಂಬರುಗಳ ಹೊಲ. ಬಡಾವಣೆ ಮಾಡುವವರು ಸಾಮಾನ್ಯವಾಗಿ ಮನೆಗಳನ್ನು ಮುಟ್ಟದೆ ಹೊಲಗಳನ್ನು ವಶಪಡಿಸಿಕೊಳ್ಳುತ್ತಿದ್ದರು. ಆದುದರಿಂದಲೇ ಮೈಸೂರಿನಲ್ಲಿ ಅಳತೆಗೋಲಿಟ್ಟಂತಹ ಮುಖ್ಯರಸ್ತೆ, ಅಡ್ಡರಸ್ತೆಗಳ ನಡುವೆ ಇದ್ದಕ್ಕಿದ್ದಂತೆ ಓಣಿಗಳು ಸುತ್ತಿ ಸುಳಿಯುವ ಒಂದು ಹಳ್ಳಿ ಸಿಗುತ್ತದೆ. ಕನ್ನೇಗೌಡನ ಕೊಪ್ಪಲಿನಲ್ಲೂ ಪಡುವಾರಹಳ್ಳಿಯಲ್ಲೂ ಇದನ್ನು ಈಗಲೂ ಕಾಣಬಹುದು. ಹೊಲ ಹೋಯಿತು, ಮನೆ ಉಳಿಯಿತು. ಹಟ್ಟಿಯಲ್ಲಿ ಹಸು ಉಳಿಯಿತು, ಮೇಯಲು ಬಯಲು ಉಳಿಯಲಿಲ್ಲ. ಸುತ್ತಲ ಬಡಾವಣೆಗೆ ಹಾಲು ಹಾಕುವ, ಸೊಪ್ಪು ತರಕಾರಿ ಮಾರುವ, ಬಾಡಿಗೆಗೆ ಕೋಣೆ ಕಟ್ಟುವ ಊರಾಗಿ ಹಳ್ಳಿ ಬದಲಾಯಿತು.

ವಶಪಡಿಸಿಕೊಂಡ ಹೊಲಕ್ಕೆ ಕೊಟ್ಟ ಬೆಲೆ ಎಷ್ಟು? ಈ ಪ್ರಶ್ನೆಯಲ್ಲಿಯೇ ಇಡೀ ವಿಷಯದ ಮರ್ಮ ಅಡಗಿದೆ. 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ ಪರಿಹಾರವನ್ನು ಲೆಕ್ಕ ಹಾಕುವುದು ಪ್ರಾಥಮಿಕ ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆಯ ಮೇಲೆ. ಅದರ 24ನೆಯ ಪ್ರಕರಣ ಇನ್ನೂ ಒಂದು ಮಾತನ್ನು ಬಿಡಿಸಿ ಹೇಳುತ್ತಿತ್ತು: ಯಾವ ಉದ್ದೇಶಕ್ಕಾಗಿ ನೆಲವನ್ನು ತೆಗೆದುಕೊಳ್ಳಲಾಗುತ್ತಿದೆಯೋ ಆ ಉದ್ದೇಶದಿಂದ ನೆಲಕ್ಕೆ ಮುಂದೆ ಬರಬಹುದಾದ ಹೆಚ್ಚಳವನ್ನು ಪರಿಹಾರದಲ್ಲಿ ಗಣಿಸಕೂಡದು. ಎಂದರೆ ರಾಗಿ ಹೊಲವನ್ನು ರಾಗಿ ಹೊಲದ ಬೆಲೆಗೇ ಕೊಡಬೇಕು. ಅದು ನಾಳೆ ನಿವೇಶನವಾಗುತ್ತದೆಂದು ನೆನಪಿಸಬಾರದು. ಕಾಯಿದೆ ಮಾಡಿದವರ ತರ್ಕ ಸಂಪೂರ್ಣ ಅನ್ಯಾಯದ್ದೆನ್ನಲಾರೆ. ರಸ್ತೆ, ಚರಂಡಿ, ನೀರು ಎಲ್ಲ ಸಾರ್ವಜನಿಕರ ಹಣದಿಂದ ಬಂದದ್ದು; ಅದರ ಫಲ ಸಾರ್ವಜನಿಕರಿಗೇ ಸೇರಲಿ ಎಂಬುದು. ಆದರೆ ಆ ಫಲ ಸೇರಿದ್ದು ಸಾರ್ವಜನಿಕರಿಗೋ, ನಿವೇಶನ ಹಂಚಿಕೆಯಾದ ಕೆಲವರಿಗೋ? ಅಗ್ಗದಲ್ಲಿ ನಿವೇಶನ ಪಡೆದವನು ಹತ್ತು ವರ್ಷ ಕಾದು ಮಾರಿದರೆ ಆ ಹೆಚ್ಚಳವೆಲ್ಲ ಅವನದೇ. ಹೊಲ ಕಳೆದುಕೊಂಡವನ ಪಾಲಿಗೆ 15ರಷ್ಟು ಶೇಕಡಾ ಸಾಂತ್ವನ ಹಣ; 1984ರ ತಿದ್ದುಪಡಿಯ ಅನಂತರ ಶೇ. 30. ಜೊತೆಗೆ ಹೆಚ್ಚಿನ ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಅಲೆದಾಟ. ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ಒಂದು ಬೆಲೆ, ಇಲ್ಲದವರಿಗೆ ಇನ್ನೊಂದು ಬೆಲೆ ಎಂಬಂತಾಯಿತು.

ಇದರ ಜೊತೆಗೆ ಭೂಸುಧಾರಣೆಯ ಕಥೆಯನ್ನೂ ಸೇರಿಸಿ ಓದಬೇಕು. 1974ರ ತಿದ್ದುಪಡಿ ದೇವರಾಜ ಅರಸರ ಕಾಲದ್ದು. ಅದರಿಂದ ಉಳುತ್ತಿದ್ದ ಗೇಣಿದಾರ ನೆಲದ ಒಡೆಯನಾದ. ಆದರೆ ಹಾಗೆ ಬಂದ ನೆಲವನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆ ಅವಧಿ ಮುಗಿಯುತ್ತ ಬಂದದ್ದು ಎಂಬತ್ತರ ದಶಕದ ಕೊನೆಯಿಂದ. ಅದೇ ವೇಳೆಗೆ ಮೈಸೂರಿನ ಪಶ್ಚಿಮದಲ್ಲಿ ವಿಜಯನಗರದ ಒಂದೊಂದೇ ಹಂತ ಮೇಲೇಳುತ್ತಿತ್ತು. 1987ರ ಕಾಯಿದೆಯಂತೆ 1988ರಲ್ಲಿ ಟ್ರಸ್ಟ್ ಬೋರ್ಡು ಹೋಗಿ ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮೆಲ್ಲರ ಬಾಯಿನ ‘ಮುಡಾ’, ಬಂದಿತ್ತು. ತಂದೆ ಗೇಣಿದಾರನಾಗಿ ದುಡಿದು, ಮಗ ಒಡೆಯನೆನಿಸಿಕೊಂಡು, ಪೂರ್ತಿ ಸ್ವಾತಂತ್ರ್ಯದಿಂದ ಅನುಭವಿಸುವ ಮೊದಲೇ ಅಧಿಸೂಚನೆ ಬಂದ ಮನೆತನಗಳ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ನೆಲಗಳಿಗಂತೂ 1978ರ ಕಾಯಿದೆಯ ಪ್ರತ್ಯೇಕ ರಕ್ಷಣೆಯಿದೆ. ಅದಿದ್ದೂ ಆ ನೆಲಗಳ ವ್ಯಾಜ್ಯ ಇಂದಿಗೂ ಮುಗಿದಿಲ್ಲ.

ಇನ್ನು ಬಣ್ಣದ ವಿಷಯ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ 1961ರದು. ಅದರಂತೆ ಒಂದೊಂದು ಪಟ್ಟಣಕ್ಕೂ ಮಹಾಯೋಜನೆ ಎಂಬ ನಕ್ಷೆ ತಯಾರಾಗುತ್ತದೆ. ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಬೇಸಾಯಕ್ಕೆ ಹಸಿರು. ಹಳದಿಯ ಅಂಚಿನಿಂದ ಆಚೆಗೆ ಊರು ಸದ್ಯಕ್ಕೆ ಬೆಳೆಯಬಾರದೆಂಬುದೇ ಹಸಿರಿನ ಅರ್ಥ. ಜನರ ಮಾತಿನಲ್ಲಿ ಅದು ‘ಗ್ರೀನ್ ಬೆಲ್ಟ್’. ಹಸಿರಿನಲ್ಲಿದ್ದ ಹೊಲವನ್ನು ಮನೆಗಳಿಗಾಗಿ ಪರಿವರ್ತಿಸಬೇಕಾದರೆ ಮೊದಲು ನಕ್ಷೆಯಲ್ಲಿ ಅದರ ಉಪಯೋಗ ಬದಲಾಗಬೇಕು. ಭೂಪರಿವರ್ತನೆ, ಬಡಾವಣೆಯ ನಕ್ಷೆಗೆ ಒಪ್ಪಿಗೆ ಎಲ್ಲ ಆಮೇಲಿನ ಮಾತು.

ಒಂದು ಸಣ್ಣ ಲೆಕ್ಕ ಮಾಡೋಣ. ಹಳೆಯ ಮೇಷ್ಟರ ಚಾಳಿಯನ್ನು ಮನ್ನಿಸಿ. ಒಂದು ಎಕರೆಗೆ 40 ಗುಂಟೆ, ಎಂದರೆ 43,560 ಚದರ ಅಡಿ. ರಸ್ತೆ, ಪಾರ್ಕು, ಸಾರ್ವಜನಿಕ ಉಪಯೋಗಕ್ಕೆಂದು ಶೇ. 45 ಬಿಟ್ಟರೆ ಉಳಿಯುವುದು ಸುಮಾರು 24 ಸಾವಿರ ಚದರ ಅಡಿ. 30×40ರ ನಿವೇಶನಗಳು ಇಪ್ಪತ್ತು. ಲೆಕ್ಕಕ್ಕಾಗಿ ಮಾತ್ರ ಒಂದು ನಿವೇಶನಕ್ಕೆ 15 ಲಕ್ಷವೆಂದು ಇಟ್ಟುಕೊಳ್ಳಿ: ಮೂರು ಕೋಟಿ. ರಸ್ತೆ ಚರಂಡಿಗಳ ಖರ್ಚು, ಶುಲ್ಕ, ಬಡ್ಡಿ, ಬಡಾವಣೆ ಮಾಡುವವನ ಲಾಭವೆಂದು ಅರ್ಧ ಕಳೆದರೂ ಒಂದೂವರೆ ಕೋಟಿ ಹೊಲದ ಬೆಲೆಯಾಗಿ ನಿಲ್ಲುತ್ತದೆ. ಪಕ್ಕದ ಹಸಿರು ಹೊಲದಲ್ಲಿ ಬೆಳೆದ ರಾಗಿಯಿಂದ, ಹುರುಳಿಯಿಂದ ಅಷ್ಟು ಹಣವನ್ನು ಸಮರ್ಥಿಸಲು ಯಾವ ರೈತನಿಂದಲೂ ಆಗದು. ನಡುವೆ ಇರುವುದು ಹತ್ತಡಿಯ ಬದು. ಬೆಲೆಯ ಅಂತರವನ್ನು ಹುಟ್ಟಿಸಿದ್ದು ಬದುವಲ್ಲ, ಕಾಗದದ ಮೇಲಿನ ಗೆರೆ. ಹಸಿರು ಬಳಿದುದಕ್ಕೆ ಪರಿಹಾರವೆಂದು ಯಾವ ರೈತನ ಕೈಗೂ ಹಣ ಬಂದುದನ್ನು ನಾನು ಕಂಡಿಲ್ಲ. ಹಳದಿ ಬಳಿಸಿಕೊಂಡವರು ಆ ಭಾಗ್ಯಕ್ಕೆ ತಕ್ಕ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ್ದನ್ನೂ ಕಂಡಿಲ್ಲ. ಕಟ್ಟುವುದು ಶುಲ್ಕ ಮಾತ್ರ.

ಗೆರೆಯ ಒಳಗಿನವರಿಗೂ ಬಿಸಿ ತಟ್ಟದೆ ಇರುವುದಿಲ್ಲ. ಎಲ್ಲೆ ಬಿಗಿಯಾದಷ್ಟೂ ಒಳಗಿನ ನಿವೇಶನ ವಿರಳ. ವಿರಳವಾದುದಕ್ಕೆ ಬೆಲೆ ಹೆಚ್ಚು. ಮನೆ ಇರುವವನಿಗೆ ಇದು ಲಾಭವೆಂದು ತೋರುತ್ತದೆ. ಅವನ ಮಗನಿಗೆ ಅದೇ ಬೀದಿಯಲ್ಲಿ ಇನ್ನೊಂದು ಮನೆ ಕೊಳ್ಳಲಾಗದು. ಒಂಟಿಕೊಪ್ಪಲಿನ ಹಳೆಯ ಹೆಂಚಿನ ಮನೆಗಳು ಒಂದೊಂದಾಗಿ ಹೋಗಿ ಅವುಗಳ ಜಾಗದಲ್ಲಿ ನಾಲ್ಕಂತಸ್ತಿನ ಅಪಾರ್ಟ್‌ಮೆಂಟುಗಳು ಬಂದದ್ದಕ್ಕೆ ಅಣ್ಣತಮ್ಮಂದಿರ ಪಾಲು ಒಂದು ಕಾರಣವಾದರೆ, ನೆಲದ ಬೆಲೆ ಮನೆಯ ಬೆಲೆಯನ್ನು ಮೀರಿ ಹೋದದ್ದು ಇನ್ನೊಂದು. ಕುವೆಂಪು ಅವರ ‘ಉದಯರವಿ’ ಈ ನೆರೆಹೊರೆಯಲ್ಲಿ ಉಳಿದಿರುವುದು ನಮ್ಮ ಪುಣ್ಯ.

ಹೊರಗಿನವರ ಮಾತಿಗೆ ಬಂದರೆ, ಗೆರೆ ಬಿದ್ದ ಮಾತ್ರಕ್ಕೆ ಆಸೆ ನಿಲ್ಲುವುದಿಲ್ಲ. ಹಸಿರು ಹೊಲವನ್ನು ಎಕರೆ ಲೆಕ್ಕದಲ್ಲಿ ಕೊಂಡು, ಪರಿವರ್ತನೆಯಿಲ್ಲದೆ ಸುಣ್ಣದ ಗೆರೆ ಎಳೆದು, ಕಲ್ಲು ನೆಟ್ಟು ಮಾರುವುದೇ ‘ರೆವಿನ್ಯೂ ಸೈಟು’. ಬೆಲೆ ಅರ್ಧ, ಕಾಗದಪತ್ರ ಇನ್ನೂ ಅರ್ಧ. ಕೊಂಡವರು ಹೆಚ್ಚಾಗಿ ಆಟೋ ಓಡಿಸುವವರು, ಗಾರೆ ಕೆಲಸದವರು, ಸಣ್ಣ ಸಂಬಳದವರು. ಇವರನ್ನು ಕಾನೂನು ಮುರಿದವರೆಂದು ಬೈಯುವುದು ಸುಲಭ. ಕಾನೂನಿನ ನಿವೇಶನ ಅವರಿಗೆ ಎಟುಕುವ ಬೆಲೆಯಲ್ಲಿ ಎಂದಾದರೂ ಇತ್ತೇ? ಸರ್ಕಾರ ತಂದ ‘ಅಕ್ರಮ ಸಕ್ರಮ’ದ ನಿಯಮಗಳಿಗೆ 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆ ನೀಡಿತು. 2025ರಲ್ಲಿ ಪಟ್ಟಣಗಳ ಇಂತಹ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ ನಡೆಯಿತು. ತೆರಿಗೆ ಕಟ್ಟಬಹುದು, ಆದರೆ ಬಿ-ಖಾತೆಯೊಂದರಿಂದಲೇ ಅಕ್ರಮ ಬಡಾವಣೆ ಸಕ್ರಮವಾಯಿತೆಂದು ತಿಳಿಯಬೇಡಿ. ನನ್ನ ನೆಂಟರಲ್ಲಿಯೇ ಇಬ್ಬರು ಹಾಗೆ ತಿಳಿದಿದ್ದಾರೆ.

ಹೊರದೇಶಗಳ ಅನುಭವ ನಮಗಿಂತ ಬಹಳ ಬೇರೆಯಲ್ಲ. 1947ರಲ್ಲಿ ಬ್ರಿಟನ್ ಒಂದು ಧೀರ ಪ್ರಯೋಗ ಮಾಡಿತು. ನೆಲ ನಿಮ್ಮದೇ, ಅದರ ಮೇಲೆ ಕಟ್ಟುವ ಹಕ್ಕು ಮಾತ್ರ ಸರ್ಕಾರದ್ದು ಎಂದಿತು. ಹಕ್ಕು ಕಳೆದುಕೊಂಡವರಿಗೆಂದು 30 ಕೋಟಿ ಪೌಂಡುಗಳ ನಿಧಿಯನ್ನಿಟ್ಟಿತು. ಕಟ್ಟಲು ಅನುಮತಿ ಪಡೆದವರಿಂದ ಬೆಲೆಯ ಹೆಚ್ಚಳವಷ್ಟನ್ನೂ ವಸೂಲು ಮಾಡಲು ಹೊರಟಿತು. ಹೆಚ್ಚಳವೆಲ್ಲ ಸರ್ಕಾರಕ್ಕೆ ಹೋಗುವುದಾದರೆ ನೆಲ ಮಾರುವವರು ಯಾರು? ಆರೇಳು ವರ್ಷದಲ್ಲಿ ಆ ವಸೂಲಿಯನ್ನು ಕೈಬಿಡಬೇಕಾಯಿತು. ಗೆರೆ ಮಾತ್ರ ಉಳಿಯಿತು. ದಕ್ಷಿಣ ಕೊರಿಯಾ 1971ರಲ್ಲಿ ಸೋಲ್ ನಗರದ ಸುತ್ತ ಹಸಿರು ಪಟ್ಟಿ ಹಾಕಿತು. 1998ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ, ನೆಲವನ್ನು ಹಿಂದಿನಂತೆ ಬಳಸುವುದಕ್ಕೂ ಆಸ್ಪದವಿಲ್ಲದ ಒಡೆಯರಿಗೆ ಪರಿಹಾರವನ್ನೇ ಕೊಡದಿರುವುದು ಸಂವಿಧಾನಕ್ಕೆ ಒಪ್ಪದೆಂದು ಹೇಳಿತು. ಅಮೆರಿಕದ ಪೋರ್ಟ್‌ಲೆಂಡ್ ನಗರದ ಬೆಳವಣಿಗೆಯ ಎಲ್ಲೆ 1979ರದು. ಆ ರಾಜ್ಯದ ಮತದಾರರು 2004ರಲ್ಲಿ ‘ನಿಯಮದಿಂದ ನಷ್ಟವಾದವರಿಗೆ ಪರಿಹಾರ ಕೊಡಿ, ಇಲ್ಲವೇ ನಿಯಮ ಸಡಿಲಿಸಿ’ ಎಂದು ಮತ ಹಾಕಿದರು. ಅದರ ಪರಿಣಾಮವನ್ನು ಕಂಡು 2007ರಲ್ಲಿ ಅವರೇ ಅದನ್ನು ಮೊಟಕುಗೊಳಿಸಿದರು. ಎಲ್ಲೆ ಬೇಡವೆಂದು ಯಾರೂ ಪೂರ್ತಿ ಹೇಳಲಿಲ್ಲ. ಅದರ ಭಾರವನ್ನು ಯಾರು ಹೊರಬೇಕೆಂಬುದರಲ್ಲಿ ಯಾರೂ ಒಮ್ಮತಕ್ಕೆ ಬರಲಿಲ್ಲ.

ನಮ್ಮಲ್ಲಿ ಬೆಂಗಳೂರು 1984ರ ಯೋಜನೆಯಲ್ಲಿ ತನ್ನ ಸುತ್ತ ಹಸಿರು ಪಟ್ಟಿಯನ್ನು ಬಳಿದುಕೊಂಡಿತು. ಪ್ರತಿ ಪರಿಷ್ಕರಣೆಯಲ್ಲೂ ಪಟ್ಟಿ ಹಿಂದೆ ಸರಿಯಿತು. ಹಿಂದೆ ಸರಿಯುವುದು ಮೊದಲೇ ತಿಳಿದವರು ಹಸಿರಿನ ಬೆಲೆಗೆ ಕೊಂಡು ಹಳದಿಯ ಬೆಲೆಗೆ ಮಾರಿದರು. ಗಟ್ಟಿಯಾದ ಎಲ್ಲೆಗಿಂತಲೂ ಸರಿದಾಡುವ ಎಲ್ಲೆ ಹೆಚ್ಚು ಅನ್ಯಾಯಕರವೆಂದು ನನಗೆ ತೋರುವುದು ಇದಕ್ಕಾಗಿಯೇ. ರೈತನಿಗೆ ನಕ್ಷೆ ತಿಳಿಯುವುದು ಎಲ್ಲರಿಗಿಂತ ಕೊನೆಗೆ. 2020ರಲ್ಲಿ ಭೂಸುಧಾರಣೆ ಕಾಯಿದೆಯ 79ಎ, 79ಬಿ ಪ್ರಕರಣಗಳು ರದ್ದಾಗಿ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದಾಯಿತು. ಹಸಿರು ಹೊಲಕ್ಕೂ ಕೊಳ್ಳುವವರು ಹೆಚ್ಚಿದರು, ನಿಜ. ಆದರೆ ಕಾಯುವ ಶಕ್ತಿ ಇರುವುದು ಕೊಳ್ಳುವವರಿಗೆ, ಮದುವೆ, ಆಸ್ಪತ್ರೆಯ ಖರ್ಚಿರುವ ಮಾರುವವರಿಗಲ್ಲ.

ಮೈಸೂರಿಗೆ ಈಗ ಜನರ ಮನಸ್ಸಿನ ಎಲ್ಲೆಯಾಗಿರುವುದು ಸುಮಾರು 42 ಕಿಲೋಮೀಟರಿನ ಹೊರವರ್ತುಲ ರಸ್ತೆ. ‘ರಿಂಗ್ ರೋಡಿನ ಒಳಗೋ, ಹೊರಗೋ’ ಎಂಬುದೇ ಮೊದಲ ಪ್ರಶ್ನೆ. ಕಾಯಿದೆಯ ಎಲ್ಲೆ ಅದಲ್ಲ. ಊರಿನ ಎಷ್ಟೋ ಬಡಾವಣೆಗಳು ಆಗಲೇ ಅದನ್ನು ದಾಟಿವೆ. ಪ್ರಾಧಿಕಾರವು ನೆಲ ಕೊಟ್ಟವರಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ನಿವೇಶನಗಳಲ್ಲಿ ಪಾಲು ಕೊಡುವ 50:50ರ ಪದ್ಧತಿಯನ್ನೂ ತಂದಿತ್ತು. 2024ರಲ್ಲಿ ಅದರ ಹಂಚಿಕೆಯ ಬಗ್ಗೆ ಎದ್ದ ವಿವಾದ ಎಲ್ಲರಿಗೂ ತಿಳಿದಿದೆ. ಅದು ನ್ಯಾಯಾಲಯ, ತನಿಖೆಗಳ ವಿಷಯ, ಇಲ್ಲಿ ಬೇಡ. ಆದರೆ ಒಂದು ಮಾತು. ಊರು ಬೆಳೆದಾಗ ಹೊಲದವನಿಗೂ ಬೆಳವಣಿಗೆಯಲ್ಲಿ ಪಾಲು ಸಿಗಲಿ ಎಂಬ ತತ್ತ್ವ, 1894ರ ಕಾಯಿದೆಯ 24ನೆಯ ಪ್ರಕರಣದ ಸರಿಯಾದ ವಿರುದ್ಧ ದಿಕ್ಕಿನದು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ನ್ಯಾಯವಾದುದು. ಹಂಚಿಕೆ ಕೆಟ್ಟಿತೆಂದು ತತ್ತ್ವವನ್ನೇ ಬಿಸಾಡಬಾರದು.

ಈಗ ಆ ವಿದ್ಯಾರ್ಥಿಗೂ ಅವನಂತಹ ಇತರರಿಗೂ ಉಪಯೋಗಕ್ಕೆ ಬರುವ ಎರಡು ಸಂಗತಿ. 1961ರ ಕಾಯಿದೆಯ 69ನೆಯ ಪ್ರಕರಣದಂತೆ, ನಿಮ್ಮ ನೆಲವನ್ನು ನಕ್ಷೆಯಲ್ಲಿ ಪಾರ್ಕಿಗೋ ರಸ್ತೆಗೋ ಶಾಲೆಗೋ ಗುರುತು ಮಾಡಿ ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಗುರುತು ಬಿದ್ದುಹೋಗುತ್ತದೆ. ಇದು ಹಸಿರು ಬಣ್ಣಕ್ಕೆ ಅನ್ವಯಿಸದು, ಸಾರ್ವಜನಿಕ ಉದ್ದೇಶದ ಗುರುತಿಗೆ ಮಾತ್ರ. 1987ರ ಕಾಯಿದೆಯ 27ನೆಯ ಪ್ರಕರಣದಲ್ಲೂ ಬಡಾವಣೆಯ ಯೋಜನೆಗಳಿಗೆ ಇಂತಹುದೇ ಐದು ವರ್ಷದ ಗಡುವಿದೆ. ಎರಡನೆಯದು, ಮಹಾಯೋಜನೆಯನ್ನು ಪರಿಷ್ಕರಿಸುವಾಗ ಕರಡು ನಕ್ಷೆಯನ್ನು ಪ್ರಕಟಿಸಿ ಆಕ್ಷೇಪಣೆ ಕೇಳುವುದು ಕಾಯಿದೆಯ ಕಟ್ಟಳೆ. ಆ ದಿನಗಳಲ್ಲಿ ಕಚೇರಿಗೆ ಹೋಗಿ ನಿಮ್ಮ ಸರ್ವೆ ನಂಬರನ್ನು ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿ. ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಬರೆದು, ಪಹಣಿ ಮತ್ತು ಸರ್ವೆ ನಕ್ಷೆಯ ಪ್ರತಿ ಲಗತ್ತಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬನ್ನಿ. ಬರೆಯಲು ತೊಡಕಾದವರು ಭಾನುವಾರ ಬೆಳಿಗ್ಗೆ ಹತ್ತರ ಮೇಲೆ ಮನೆಗೆ ಬರಬಹುದು. ಬರುವಾಗ ಮೂಲ ಕಾಗದಗಳನ್ನು ಮನೆಯಲ್ಲೇ ಬಿಟ್ಟು ಜೆರಾಕ್ಸ್ ಮಾತ್ರ ತನ್ನಿ.